ಈಶಾನ್ಯದಿಂದ ಆಗ್ನೇಯಕ್ಕೆ: ಅನಲಾಗ್ ಪ್ರಸಾರ ನಿಂತ ಮೇಲೆ ಚಾಮರಾಜಪೇಟೆಯ ಒಂದು ವಠಾರ

ಒಂದೇ ವಠಾರದ ನಾಲ್ಕು ಮನೆಗಳ ಟಿವಿ ಒಟ್ಟಿಗೆ ಕೆಡುವುದಿಲ್ಲ. ಹಾಗೆ ಕೆಟ್ಟಂತೆ ಕಂಡರೆ ದೋಷ ಮನೆಯ ಹೊರಗೆಲ್ಲೋ ಇದೆ ಎಂದು ತಿಳಿಯಬೇಕು. ಟಿವಿ ದುರಸ್ತಿಯಲ್ಲಿ ಕೈ ಪಳಗಿದ ಯಾರಿಗಾದರೂ ಮೊದಲು ಹೊಳೆಯಬೇಕಾದ ಈ ಮಾತು, ಚಾಮರಾಜಪೇಟೆಯ ಆ ವಠಾರಕ್ಕೆ ನನಗಿಂತ ಮುಂಚೆ ಹೋಗಿದ್ದ ಮೆಕ್ಯಾನಿಕ್‌ಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವನು ಬಾಯಿ ಬಿಟ್ಟಿರಲಿಲ್ಲ. ಒಂದು ಮನೆಯ ಟ್ಯೂನರ್ ಬದಲಾಯಿಸಿದ್ದ, ಇನ್ನೊಂದು ಮನೆಗೆ ಬೂಸ್ಟರ್ ಮಾರಿದ್ದ, ಮೂರನೆಯ ಮನೆಯ ಸೆಟ್ಟನ್ನು ಪಿಕ್ಚರ್ ಟ್ಯೂಬ್ ಮುಗಿದಿದೆ ಎಂದು ಹೇಳಿ ಗುಜರಿ ಬೆಲೆಗೆ ಕೇಳಿದ್ದ. ಚಿತ್ರ ಮಾತ್ರ ಬರಲಿಲ್ಲ. ಬರುವ ದಾರಿಯೂ ಇರಲಿಲ್ಲ. ಜೆ.ಸಿ. ನಗರದ ದೂರದರ್ಶನ ಗೋಪುರದಿಂದ ಬರುತ್ತಿದ್ದ ಅನಲಾಗ್ ಪ್ರಸಾರವೇ, ಅಂದರೆ ಹಳೆಯ ಟಿವಿಗಳು ಆಂಟೆನಾದಿಂದ ನೇರವಾಗಿ ಹಿಡಿಯುತ್ತಿದ್ದ ಹಳೆಯ ಬಗೆಯ ಪ್ರಸಾರವೇ, ನಿಂತುಹೋಗಿತ್ತು.

ಆ ನಾಲ್ಕು ಮನೆಗಳಿಗೆ ಮತ್ತೆ ಚಂದನ ವಾಹಿನಿ ತಲುಪಿದ್ದು ಹೇಗೆ ಎಂಬುದರ ವಿವರ ಇದು. ತಂತ್ರಜ್ಞಾನದ ಕೆಲಸ ಎಂದುಕೊಂಡು ಹೋದೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊತ್ತು ಹಿಡಿದದ್ದು ತಾರಸಿಯ ಬೀಗದ ಕೈ. ಮನೆಯವರ ಹೆಸರುಗಳನ್ನು ಇಲ್ಲಿ ಹೇಳುತ್ತಿಲ್ಲ. ಹೇಳಿದರೂ ಪ್ರಕರಣಕ್ಕೆ ಏನೂ ಸೇರುವುದಿಲ್ಲ.

ವಠಾರ ಮತ್ತು ಅದರ ಟಿವಿಗಳು

ನಡುವೆ ಅಂಗಳ, ಅಂಗಳದಲ್ಲಿ ನಲ್ಲಿ ಮತ್ತು ಒಗೆಯುವ ಕಲ್ಲು. ಕೆಳಗೆ ಐದು ಮನೆ, ಮಹಡಿಯಲ್ಲಿ ನಾಲ್ಕು. ಅದರ ಮೇಲೆ ತಾರಸಿ. ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲಿನ ಬಾಗಿಲಿಗೆ ಸದಾ ಬೀಗ, ಕೀಲಿ ಹಿಂಬದಿಯಲ್ಲಿ ವಾಸವಿರುವ ಮಾಲೀಕರ ಬಳಿ. ಒಂಬತ್ತು ಮನೆಗಳಲ್ಲಿ ಐದಕ್ಕೆ ಕೇಬಲ್ ಇತ್ತು. ಉಳಿದ ನಾಲ್ಕು ಮನೆಯವರು ಆಂಟೆನಾ ನೆಚ್ಚಿಕೊಂಡಿದ್ದರು: ಕೆಳಗಿನ ಮೊದಲ ಮನೆಯ, ಎಂಬತ್ತರ ಆಸುಪಾಸಿನ ಅಜ್ಜಿ, ಪಕ್ಕದಲ್ಲಿ ದರ್ಜಿ, ಕೃಷ್ಣರಾಜ ಮಾರುಕಟ್ಟೆಯಿಂದ ಹೂವು ತಂದು ಕಟ್ಟಿ ಮಾರುವ ಅಕ್ಕ, ಮಹಡಿಯಲ್ಲಿ ಒಬ್ಬ ನಿವೃತ್ತ ಗುಮಾಸ್ತರು.

2021–22ರಲ್ಲೂ ಬೆಂಗಳೂರಿನ ನಡುಮಧ್ಯೆ ಯಾರಾದರೂ ಆಂಟೆನಾದಲ್ಲಿ ಟಿವಿ ನೋಡುತ್ತಿದ್ದರೇ ಎಂದು ಕೇಳುವವರು ಇದ್ದಾರೆ. ನೋಡುತ್ತಿದ್ದರು, ಮತ್ತು ಅದಕ್ಕೆ ಕಾರಣ ಕೇವಲ ಹಳೆಯದರ ಮೋಹವಾಗಿರಲಿಲ್ಲ. ಕೇಬಲ್ ಟಿವಿಯನ್ನು ಕಡ್ಡಾಯವಾಗಿ ಡಿಜಿಟಲ್ ಮಾಡುವ ಎರಡನೆಯ ಹಂತದಲ್ಲಿ ದೇಶದ 38 ನಗರಗಳಿದ್ದವು. ಬೆಂಗಳೂರು, ಮೈಸೂರು ಅವುಗಳಲ್ಲಿ ಸೇರಿದ್ದವು. ಗಡುವು 2013ರ ಮಾರ್ಚ್ 31. ಅಲ್ಲಿಯವರೆಗೆ ದರ್ಜಿಯ ಮನೆಗೂ ಹೂವಿನ ಅಕ್ಕನ ಮನೆಗೂ ಕೇಬಲ್ ವೈರ್ ನೇರವಾಗಿ ಬರುತ್ತಿತ್ತು, ತಿಂಗಳಿಗೆ ಕೊಟ್ಟಷ್ಟು ಕೊಡುವ ಲೆಕ್ಕದಲ್ಲಿ. ಸೆಟ್-ಟಾಪ್ ಬಾಕ್ಸ್ ಕಡ್ಡಾಯವಾದಾಗ ಇಬ್ಬರೂ ಕೇಬಲ್ ಬಿಟ್ಟು, ಮೂಲೆ ಸೇರಿದ್ದ ಆಂಟೆನಾ ವೈರನ್ನು ಮತ್ತೆ ಸಿಕ್ಕಿಸಿಕೊಂಡರು. ಅಂದರೆ ನಗರದ ಮೊದಲ ಡಿಜಿಟಲೀಕರಣ ಈ ಎರಡು ಮನೆಗಳನ್ನು ಅನಲಾಗ್ ಕಡೆಗೆ ದೂಡಿತ್ತು. ಎರಡನೆಯದು ಬಂದಾಗ ಅವರಿಗೆ ಹಿಂದಕ್ಕೆ ಹೋಗಲು ಮತ್ತೊಂದು ಹಳೆಯ ದಾರಿ ಉಳಿದಿರಲಿಲ್ಲ.

ಇವರು ನೋಡುತ್ತಿದ್ದುದಾದರೂ ಏನು? ಅಜ್ಜಿಗೆ ಮಧ್ಯಾಹ್ನದ ಚಂದನ, ಸಂಗೀತ ಕಛೇರಿ ಬಂದರೆ ಹಬ್ಬ. ದರ್ಜಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಕಣ್ಣು ಹೊಲಿಗೆಯ ಮೇಲೆ, ಕಿವಿ ವಾರ್ತೆಯ ಮೇಲೆ. ಗುಮಾಸ್ತರು ನಾ. ಸೋಮೇಶ್ವರ ಅವರು 2002ರಿಂದ ನಡೆಸುತ್ತ ಬಂದಿರುವ, ಸರಿಯುತ್ತರಕ್ಕೆ ಪುಸ್ತಕ ಬಹುಮಾನ ಕೊಡುವ ‘ಥಟ್ ಅಂತ ಹೇಳಿ’ಯ ಕಟ್ಟಾ ಪ್ರೇಕ್ಷಕರು. ಸ್ಪರ್ಧಿ ಬಾಯಿ ತೆರೆಯುವ ಮುಂಚೆ ಇವರ ಉತ್ತರ ಇಡೀ ಅಂಗಳಕ್ಕೆ ಕೇಳಿಸುತ್ತಿತ್ತು. ತಪ್ಪು ಉತ್ತರಗಳೂ ಅಷ್ಟೇ ಗಟ್ಟಿಯಾಗಿ.

ತಪಾಸಣೆ

ತಾರಸಿಯಲ್ಲಿದ್ದುದು ಹಳೆಯ ಮಾದರಿಯ ಯಾಗಿ ಆಂಟೆನಾ. ಸಂಕೇತ ಹಿಡಿಯುವ ಕಡ್ಡಿಯ ಉದ್ದ ಮುಕ್ಕಾಲು ಮೀಟರ್‌ಗೆ ಹತ್ತಿರ, ಅಂದರೆ ಅನಲಾಗ್ ಪ್ರಸಾರದ ಉದ್ದ ಅಲೆಗಳ ವಿಎಚ್‌ಎಫ್ ಬ್ಯಾಂಡಿಗೆ ಮಾಡಿದ್ದು. ಮುಖ ಈಶಾನ್ಯಕ್ಕೆ, ಸರಿಯಾಗಿ ಜೆ.ಸಿ. ನಗರದ ಗೋಪುರದ ಕಡೆಗೆ. ಚಪ್ಪಟೆ ವೈರ್ ಬಿಸಿಲಿಗೆ ಸೀಳು ಬಿಟ್ಟಿದ್ದರೂ ತುಂಡಾಗಿರಲಿಲ್ಲ. ಗೋಪುರ ಅಲ್ಲಿಂದ ಆರೇಳು ಕಿಲೋಮೀಟರ್ ದೂರವಷ್ಟೇ. ಅಷ್ಟು ಹತ್ತಿರದ ಪ್ರಸಾರ ಟಿವಿಯ ಹಿಂದಿನ ತುಂಡು ವೈರಿಗೂ ಒಂದಿಷ್ಟು ಸಿಗಬೇಕು. ನನ್ನ ಬಳಿ ಇದ್ದ ಚಿಕ್ಕ ಪರೀಕ್ಷಾ ಸೆಟ್ಟಿಗೆ ವೈರ್ ಹಚ್ಚಿ ಎಲ್ಲ ಬ್ಯಾಂಡ್‌ಗಳನ್ನೂ ಒಮ್ಮೆ ತಿರುವಿದೆ. ಎಲ್ಲೆಡೆ ಒಂದೇ ಸಮನಾದ ಚುಕ್ಕೆ, ಒಂದೇ ಸಮನಾದ ಸುಯ್ಯೆಂಬ ಸದ್ದು. ಪ್ರಸಾರ ದುರ್ಬಲವಾಗಿದ್ದಾಗ ಚುಕ್ಕೆಗಳ ಹಿಂದೆ ಯಾರದೋ ಭುಜ, ಯಾವುದೋ ಅಕ್ಷರದ ಅಂಚು ಕಾಣುತ್ತದೆ. ಚಿತ್ರ ಮೇಲಿಂದ ಕೆಳಗೆ ಉರುಳುತ್ತದೆ. ಇಲ್ಲಿ ಉರುಳುವುದಕ್ಕೂ ಏನೂ ಇರಲಿಲ್ಲ.

ಮನೆಯವರಿಗೆ ಇದು ಗೊತ್ತಾಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪೂರ್ವದ ಪಕ್ಕದಲ್ಲಿ ಹಳೆಯ ಬಂಗಲೆ ಒಡೆದು ನಾಲ್ಕು ಅಂತಸ್ತಿನ ಕಟ್ಟಡ ಏಳುತ್ತಿದ್ದಾಗಿನಿಂದ ಚಿತ್ರಕ್ಕೆ ನೆರಳು ಬೀಳಲು ಶುರುವಾಗಿತ್ತು: ಒಬ್ಬ ವಾರ್ತಾವಾಚಕನ ಬಲಕ್ಕೆ ಅವನದೇ ಮಸುಕಾದ ಇನ್ನೊಂದು ಮುಖ. ಗೋಡೆಗೆ ಬಡಿದು ತಡವಾಗಿ ಬಂದ ಅಲೆ ಅನಲಾಗ್ ಪರದೆಯ ಮೇಲೆ ಹೀಗೇ ಕಾಣುತ್ತದೆ. ಮೊದಲು ಕಬ್ಬಿಣದ ಕಂಬಿ ಎದ್ದಾಗ ಸ್ವಲ್ಪ, ಆಮೇಲೆ ಗೋಡೆ ಎದ್ದಾಗ ಇನ್ನಷ್ಟು. ಅನಲಾಗ್‌ನ ಗುಣವೇ ಅದು. ಒಮ್ಮೆಲೇ ಕೈಕೊಡುವುದಿಲ್ಲ, ದಿನದಿನಕ್ಕೆ ಕ್ಷೀಣಿಸುತ್ತದೆ. ಹೀಗೆ ವರ್ಷಗಟ್ಟಲೆ ಕೆಟ್ಟ ಚಿತ್ರಕ್ಕೆ ಹೊಂದಿಕೊಂಡವರು ಕೊನೆಗೆ ಚಿತ್ರವೇ ಇಲ್ಲವಾದಾಗ ಅದನ್ನೂ ಕಟ್ಟಡದ ಲೆಕ್ಕಕ್ಕೇ ಬರೆದುಕೊಂಡರು. ಬೂಸ್ಟರ್ ಮಾರಾಟವಾದದ್ದು ಈ ನಂಬಿಕೆಯ ಬಲದಿಂದ. ಬೂಸ್ಟರ್ ಇರುವ ಸಂಕೇತವನ್ನು ಎತ್ತಿಕೊಡುತ್ತದೆ. ಇಲ್ಲದಿದ್ದರೆ ಚುಕ್ಕೆಗಳನ್ನೇ ಎತ್ತಿಕೊಡುತ್ತದೆ.

ಗುಮಾಸ್ತರು ಪತ್ರಿಕೆ ಓದುವವರು. ಅವರಿಗೂ ಸುದ್ದಿ ಕಣ್ಣಿಗೆ ಬಿದ್ದಿರಲಿಲ್ಲ. ಅನಲಾಗ್ ಎಂಬ ಮಾತೇ ಅವರಿಗೆ ಕೈಗಡಿಯಾರದ ವಿಷಯ. ತಾವು ನೋಡುತ್ತಿರುವುದು ಅನಲಾಗ್ ಟಿವಿ ಎಂದು ಅದನ್ನು ನೋಡುವವರು ಯಾರೂ ಅಂದುಕೊಂಡಿರುವುದಿಲ್ಲ.

ನಿಂತದ್ದು ಏನು, ಏಕೆ

ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ. ಕರ್ನಾಟಕದ ಹಳ್ಳಿಗಳು ಅದಕ್ಕೂ ಮುಂಚೆ ಟಿವಿ ಕಂಡಿದ್ದವು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮ ಇಳಿಯುತ್ತಿತ್ತು. ನಮ್ಮ ಕಡೆ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ. ಅಲ್ಲಿ ನಿಲ್ಲಿಸಿದ್ದ ಡಿಶ್‌ಗಳು ಕೋಳಿಗೂಡಿನ ತಂತಿಬಲೆಯವು, ಅಡ್ಡಳತೆ ಹತ್ತು ಅಡಿ. ರಾಜಧಾನಿಗೆ ಗೋಪುರ ಬಂದದ್ದು ಆಮೇಲೆ. ಇದನ್ನು ಹೇಳಲು ಕಾರಣ, ಆಕಾಶದಿಂದ ಬರುವುದು ಹೊಸದು, ಗೋಪುರದಿಂದ ಬರುವುದು ಹಳೆಯದು ಎಂಬ ಸರಳ ಲೆಕ್ಕ ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲ.

ಅನಲಾಗ್ ಪ್ರಸಾರದಲ್ಲಿ ಒಂದು ಚಾನೆಲ್‌ಗೆ ವಿಎಚ್‌ಎಫ್‌ನಲ್ಲಿ 7 ಮೆಗಾಹರ್ಟ್ಸ್ ಅಗಲದ ಜಾಗ ಬೇಕು. ಚಿತ್ರ 625 ಗೆರೆಗಳದು. ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ ಡಿಜಿಟಲ್ ಆದರೆ ಹಲವು ಚಾನೆಲ್‌ಗಳು ಹೋಗುತ್ತವೆ, ವಿದ್ಯುತ್ ಕಡಿಮೆ ಸಾಕು. ಕೇಬಲ್ ಮತ್ತು ಉಪಗ್ರಹದಿಂದ ನೇರ ಮನೆಗೆ ಬರುವ ಡಿಟಿಎಚ್ ಮನೆಮನೆ ಸೇರಿದ ಮೇಲೆ ಗೋಪುರದ ಅನಲಾಗ್ ಪ್ರಸಾರವನ್ನು ನೋಡುವವರು ವಿರಳರಾದರು; ಬಿಡಿಭಾಗಗಳೂ ದುರ್ಲಭವಾದವು. 2021ರ ಅಕ್ಟೋಬರ್‌ನಲ್ಲಿ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಕೊಟ್ಟ ಸ್ಪಷ್ಟನೆಯ ಪ್ರಕಾರ, ಆಯಕಟ್ಟಿನ ಸುಮಾರು 50 ಟ್ರಾನ್ಸ್‌ಮಿಟರ್‌ಗಳನ್ನು ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ 31ರೊಳಗೆ ನಿಲ್ಲಿಸಬೇಕಿತ್ತು. ಬಿಡುಗಡೆಯಾದ ತರಂಗಾಂತರ 5ಜಿಯಂಥ ಹೊಸ ಸೇವೆಗಳಿಗೆ ಒದಗುತ್ತದೆ ಎಂಬುದು ಅದರಲ್ಲಿನ ಒಂದು ಕಾರಣ. ಕಲಬುರಗಿ ದೂರದರ್ಶನ ಕೇಂದ್ರವೇ ಮುಚ್ಚುತ್ತದೆ ಎಂಬ ಆತಂಕ ಆಗ ಎದ್ದಿತ್ತು. ಕೇಂದ್ರ ಉಳಿಯುತ್ತದೆ, ಅಲ್ಲಿ ತಯಾರಾದ ಕಾರ್ಯಕ್ರಮಗಳು ರಾಜ್ಯದ ಉಪಗ್ರಹ ವಾಹಿನಿಯಲ್ಲಿ ಬರುತ್ತವೆ ಎಂಬ ಉತ್ತರವೂ ಅದೇ ಸ್ಪಷ್ಟನೆಯಲ್ಲಿತ್ತು.

ಈ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ. ವಠಾರದ ನಾಲ್ಕು ಸೆಟ್ಟುಗಳಿಗಾಗಿ ದೊಡ್ಡ ಟ್ರಾನ್ಸ್‌ಮಿಟರನ್ನು ಬೆಳಗಿನಿಂದ ರಾತ್ರಿಯವರೆಗೆ ಉರಿಸಿ ಎನ್ನುವುದು ನ್ಯಾಯವೂ ಅಲ್ಲ. ಆದರೆ ಗೋಪುರದ ಖರ್ಚು ಉಳಿದಾಗ ಆ ಖರ್ಚಿನ ಒಂದು ಚೂರು ಯಾವುದೋ ತಾರಸಿಯ ಮೇಲೆ ಬಂದು ಕೂರುತ್ತದೆ. ಇಲ್ಲಿ ಅದು ಯಾರ ಪಾಲಿಗೆ ಬಂತು ಎಂಬುದನ್ನು ಮುಂದೆ ನೋಡಬಹುದು.

ಗಾಳಿಯಲ್ಲೇ ಉಳಿದಿದ್ದ ದಾರಿ

ಅನಲಾಗ್ ನಿಂತರೂ ಗೋಪುರ ಪೂರ್ತಿ ಮೌನವಾಗಿರಲಿಲ್ಲ. 2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ವಿಧಾನದ ಭೂಪ್ರಸಾರ ಆರಂಭಿಸಿತ್ತು; ಬೆಂಗಳೂರು ಆ ಪಟ್ಟಿಯಲ್ಲಿದೆ. ರಾಷ್ಟ್ರೀಯ ವಾಹಿನಿ, ವಾರ್ತೆ, ಭಾರತಿ, ಕ್ರೀಡೆ, ಜೊತೆಗೆ ಪ್ರಾದೇಶಿಕ ಅಥವಾ ಕಿಸಾನ್ ವಾಹಿನಿ. ಆಗ ಅದನ್ನು ಪ್ರಚಾರ ಮಾಡಿದ್ದು ಮೊಬೈಲ್‌ನಲ್ಲಿ ಟಿವಿ ಎಂದು: ಮೊಬೈಲ್‌ಗೆ ಡಾಂಗಲ್ ಎಂಬ ಒಂದು ಪುಟ್ಟ ಟ್ಯೂನರ್ ಸಿಕ್ಕಿಸಿ, ಇಂಟರ್‌ನೆಟ್ ಇಲ್ಲದೆ ನೋಡಿ. ಆಂಟೆನಾ ನಂಬಿಕೊಂಡ ಅಜ್ಜಿಯ ಮನೆಗೆ ಇದು ಹೊಸ ದಾರಿಯಾದೀತು ಎಂದು ಹೇಳಿದವರು ಕಡಿಮೆ.

ಅಂಥದೊಂದು ಡಾಂಗಲ್ ನನ್ನ ಬಳಿ ಇತ್ತು. ಅಜ್ಜಿಯ ಮನೆಯ ಕಿಟಕಿಯ ಬಳಿ ಹಿಡಿದಾಗ ಚಂದನ ಬಂತು. ನೆರಳಿಲ್ಲ, ಚುಕ್ಕೆ ಇಲ್ಲ, ಗಾಜಿನಂಥ ಚಿತ್ರ. ಗೋಡೆಗೆ ಬಡಿದು ತಡವಾಗಿ ಬರುವ ಪ್ರತಿಧ್ವನಿಯನ್ನು ಒಂದು ಮಿತಿಯವರೆಗೆ ತಾಳಿಕೊಳ್ಳುವಂತೆ ಡಿವಿಬಿ-ಟಿ2 ಅಲೆಯನ್ನು ಹೊಂದಿಸಿರುತ್ತಾರೆ. ಪ್ರತಿ ತುಣುಕು ಮಾಹಿತಿಯ ಮುಂದೆ ಒಂದಿಷ್ಟು ಬಿಡುವು ಇರುತ್ತದೆ, ತಡವಾದ ನಕಲು ಆ ಬಿಡುವಿನಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಅನಲಾಗ್‌ನ ಚಿತ್ರ ಕೆಡಿಸಿದ್ದ ಅದೇ ನಾಲ್ಕು ಅಂತಸ್ತಿನ ಕಟ್ಟಡ ಇದಕ್ಕೆ ಏನೂ ಮಾಡಲಾಗಲಿಲ್ಲ. ಡಾಂಗಲನ್ನು ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ, ದೇವರ ಗೂಡಿನ ಹತ್ತಿರ ತಂದಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಹೋಯಿತು. ಇದು ಡಿಜಿಟಲ್‌ನ ಸ್ವಭಾವ. ಬಂದರೆ ಪೂರ್ತಿ, ಇಲ್ಲವಾದರೆ ಸೊನ್ನೆ. ದರ್ಜಿಗೆ ಇದು ಹಿಡಿಸಲಿಲ್ಲ. ಮೊದಲು ಚಿತ್ರ ಹೋದರೂ ಮಾತು ಕೇಳುತ್ತಿತ್ತಲ್ಲ ಸ್ವಾಮಿ, ಎಂದು ಕೇಳಿದ. ಕಿವಿಯಿಂದ ಟಿವಿ ನೋಡುವವನ ಪ್ರಶ್ನೆ ಅದು, ಮತ್ತು ನ್ಯಾಯವಾದ ಪ್ರಶ್ನೆ.

ಮನೆಯ ಟಿವಿಗೆ ಹಚ್ಚುವ ಡಿವಿಬಿ-ಟಿ2 ಬಾಕ್ಸ್ ಹುಡುಕಿಕೊಂಡು ಎಸ್.ಪಿ. ರಸ್ತೆಗೆ ಹೋದೆ. ಸರ್ಕ್ಯೂಟ್ ಬೋರ್ಡಿನಿಂದ ಹಿಡಿದು ಬಿಡಿ ಸ್ಕ್ರೂವರೆಗೆ ಏನು ಬೇಕಾದರೂ ಸಿಗುವ ಬೀದಿ ಅದು. ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಫ್ರೀ ಡಿಶ್‌ನ ಬಾಕ್ಸ್‌ಗಳು ಅಂಗಡಿಯ ಮುಂದೆ ರಾಶಿ ಬಿದ್ದಿದ್ದವು. ಟಿ2 ಎಂದರೆ ಹೆಚ್ಚಿನ ಅಂಗಡಿಯವರು ಮೊಬೈಲ್ ಚಾರ್ಜರ್ ತೋರಿಸಿದರು. ಒಬ್ಬರು ಹೊರದೇಶದಿಂದ ತರಿಸಿಕೊಡುತ್ತೇನೆ, ಮುಂಗಡ ಕೊಡಿ ಎಂದರು. ಕೆಟ್ಟರೆ ಹೊಣೆ ಇಲ್ಲ ಎಂದೂ ಸೇರಿಸಿದರು. ಇನ್ನೊಂದು ತೊಡಕೂ ಇತ್ತು. ಡಿಜಿಟಲ್ ಪ್ರಸಾರ ಯುಎಚ್‌ಎಫ್ ಎಂಬ ಬೇರೆ ಬ್ಯಾಂಡಿನಲ್ಲಿ, ಅಲೆ ಚಿಕ್ಕದು. 500 ಮೆಗಾಹರ್ಟ್ಸ್ ಸುಮಾರಿಗೆ ಅರ್ಧ ಅಲೆಯ ಉದ್ದ ಒಂದು ಅಡಿಯಷ್ಟೇ. ತಾರಸಿಯ ಮುಕ್ಕಾಲು ಮೀಟರ್ ಕಡ್ಡಿಗಳು ಅದಕ್ಕೆ ಹೇಳಿ ಮಾಡಿಸಿದವಲ್ಲ. ಆಂಟೆನಾವೂ ಬೇರೆ ಬೇಕು.

ಪ್ರಕರಣದ ಅತಿ ವಿಚಿತ್ರ ಸಂಗತಿ ಎದುರಾದದ್ದು ಈ ಹಂತದಲ್ಲಿ. ಮಹಡಿಯ ಮೂರನೆಯ ಮನೆಯಲ್ಲಿ ಒಂದು ಹೊಸ ದೊಡ್ಡ ಎಲ್‌ಇಡಿ ಟಿವಿ ಇತ್ತು. ಆ ಮನೆಗೆ ಕೇಬಲ್ ಇದೆ, ವೈಫೈ ಇದೆ. ಅದರ ಮೆನುವಿನಲ್ಲಿ ಡಿಜಿಟಲ್ ಆಂಟೆನಾ ಎಂಬ ಆಯ್ಕೆ ಕಂಡಿತು. ಒಂದು ಅಡಿ ವೈರ್ ಸಿಕ್ಕಿಸಿ ಹುಡುಕಲು ಬಿಟ್ಟಾಗ ದೂರದರ್ಶನದ ಚಾನೆಲ್‌ಗಳು ಸಾಲಾಗಿ ಕೂತವು. ಟಿ2 ಟ್ಯೂನರ್ ಒಳಗೇ ಇತ್ತು, ಕೊಂಡವರಿಗೇ ಗೊತ್ತಿರಲಿಲ್ಲ. ಒಂಬತ್ತು ಮನೆಗಳಲ್ಲಿ ಗಾಳಿಯ ಡಿಜಿಟಲ್ ಪ್ರಸಾರವನ್ನು ಪುಕ್ಕಟೆಯಾಗಿ ಪಡೆಯಬಲ್ಲ ಏಕೈಕ ಮನೆ ಅದರ ಅಗತ್ಯವೇ ಇಲ್ಲದ ಮನೆ. ಆ ಮನೆಯ ಹುಡುಗ ಒಂದು ನಿಮಿಷ ನೋಡಿ ಮತ್ತೆ ತನ್ನ ಕ್ರಿಕೆಟ್‌ಗೆ ಹೋದ.

ಕೇಬಲ್‌ಗೆ ಸೇರಿಕೊಳ್ಳಿ ಎನ್ನುವುದು ಎಲ್ಲರೂ ಕೊಟ್ಟ ಸಲಹೆ. ಕಾನೂನಿನ ಪ್ರಕಾರ ಕೇಬಲ್‌ನವರು ದೂರದರ್ಶನದ ನಿಗದಿತ ಚಾನೆಲ್‌ಗಳನ್ನು ಕೊಡಲೇಬೇಕು, ಚಂದನ ಬರುತ್ತದೆ. ಆದರೆ ಆಗಿದ್ದ 130 ರೂಪಾಯಿಯ ಮೂಲ ಶುಲ್ಕಕ್ಕೆ ಶೇಕಡ 18 ತೆರಿಗೆ ಸೇರಿ ತಿಂಗಳಿಗೆ 153 ರೂಪಾಯಿ 40 ಪೈಸೆ, ಬಾಕ್ಸಿನ ಹಣ ಬೇರೆ. ಹೂವಿನ ಅಕ್ಕ ಇದನ್ನು ಹನ್ನೆರಡರಿಂದ ಬಾಯಲ್ಲೇ ಗುಣಿಸಿ 1840 ಎಂದರು. ಮಳೆಗಾಲದಲ್ಲಿ ಹೂವು ಕೊಳೆತು ಹೋದ ತಿಂಗಳು ಯಾರು ಕೊಡುತ್ತಾರಪ್ಪ ಎಂಬುದು ಅವರ ಪ್ರಶ್ನೆ. ಒಮ್ಮೆ ಕೊಟ್ಟು ಮುಗಿಸುವುದಾದರೆ ಸಾಲ ಮಾಡಿಯಾದರೂ ಕೊಡುತ್ತಾರೆ, ತಿಂಗಳು ತಿಂಗಳು ಕೇಳುವವರು ಬಾಗಿಲಿಗೆ ಬರುವುದು ಬೇಡ. ಬಡವರ ಮನೆಯ ಆಯವ್ಯಯ ಬಲ್ಲವರಿಗೆ ಇದರಲ್ಲಿರುವ ವಿವೇಕ ಕಾಣುತ್ತದೆ.

ತಾರಸಿ

ಉಳಿದದ್ದು ಫ್ರೀ ಡಿಶ್. ದೂರದರ್ಶನದ ಈ ಡಿಟಿಎಚ್ ಸೇವೆ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದದ್ದು. ಮಾಸಿಕ ಶುಲ್ಕವಿಲ್ಲ; ಡಿಶ್, ಬಾಕ್ಸ್, ವೈರ್ ಎಲ್ಲ ಸೇರಿ ಆಗ ಒಂದು ಮನೆಗೆ ಹೆಚ್ಚೆಂದರೆ ಎರಡು ಸಾವಿರ ರೂಪಾಯಿ. ಚಂದನ ಇದೆ, ಜೊತೆಗೆ ನೂರಕ್ಕೂ ಹೆಚ್ಚು ಚಾನೆಲ್, ಹೆಚ್ಚಿನವು ಹಿಂದಿಯವು. ಅಜ್ಜಿ ನೂರನ್ನೂ ದಾಟಿ ಚಂದನ ತಲುಪುವುದು ಹೇಗೆ ಎಂಬುದು ಆಮೇಲಿನ ಚಿಂತೆ. ಮೊದಲನೆಯದು ಡಿಶ್ ಎಲ್ಲಿಡುವುದು ಎಂಬುದು.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಬೆಂಗಳೂರಿನಲ್ಲೇ ಕಟ್ಟಿ 2015ರ ನವೆಂಬರ್‌ನಲ್ಲಿ ಹಾರಿಸಿದ, ಹಾಸನದ ಕೇಂದ್ರ ನೋಡಿಕೊಳ್ಳುವ ಉಪಗ್ರಹ. ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಜೆ.ಸಿ. ನಗರದಲ್ಲಿ ತಯಾರಾದ ಕಾರ್ಯಕ್ರಮ ಅಷ್ಟು ಮೇಲೆ ಹೋಗಿ ಆರು ಕಿಲೋಮೀಟರ್ ಆಚೆಯ ಚಾಮರಾಜಪೇಟೆಗೆ ಇಳಿಯುತ್ತದೆ ಎಂದಾಗ ಗುಮಾಸ್ತರು ಬಿದ್ದುಬಿದ್ದು ನಕ್ಕರು. ಬೆಂಗಳೂರಿನಿಂದ ಅದು ಆಗ್ನೇಯ ದಿಕ್ಕಿಗೆ, ನೆಲಮಟ್ಟದಿಂದ ಸುಮಾರು 66 ಡಿಗ್ರಿ ಮೇಲಕ್ಕೆ ಕಾಣಬೇಕು. ಆಂಟೆನಾ ಈಶಾನ್ಯಕ್ಕೆ ಮುಖ ಮಾಡಿದ್ದ ತಾರಸಿಯಲ್ಲಿ ಈಗ ಆಗ್ನೇಯ ಬೇಕಾಯಿತು. ಮಾಲೀಕರಿಗೆ ವಾಸ್ತುವಿನಲ್ಲಿ ನಂಬಿಕೆ ಹೆಚ್ಚು. ದೇವಮೂಲೆ ಬಿಟ್ಟು ಅಗ್ನಿಮೂಲೆಗೆ ಹೋಗುತ್ತಿದ್ದೀರಿ ಎಂದು ಅವರು ಅಂದದ್ದು ಅರ್ಧ ತಮಾಷೆ, ಅರ್ಧ ಆಕ್ಷೇಪ.

ಗೋಪುರದ ಪ್ರಸಾರ ಕೇಳುವುದು ಒಂದು ಕಿಟಕಿ. ಡಿಶ್ ಕೇಳುವುದು ಆಕಾಶದ ಒಂದು ನಿರ್ದಿಷ್ಟ ತುಂಡು ಮತ್ತು ಅದನ್ನು ನೋಡುತ್ತ ನಿಲ್ಲಲು ಒಂದು ಜಾಗ. ಬಾಡಿಗೆದಾರನಿಗೆ ಕಿಟಕಿ ಇದೆ, ತಾರಸಿ ಇಲ್ಲ. ಅನಲಾಗ್ ನಿಂತಾಗ ಇವರು ಕಳೆದುಕೊಂಡದ್ದು ಯಾರನ್ನೂ ಕೇಳದೆ ಟಿವಿ ನೋಡುವ ಅವಕಾಶ. ಚಾನೆಲ್ ಬೇರೆ ದಾರಿಯಿಂದ ಸಿಗುತ್ತದೆ. ಈ ಅವಕಾಶಕ್ಕೆ ಬದಲಿ ಸಿಗುವುದು ಕಷ್ಟ.

ಮೊದಲ ಪ್ರಯತ್ನ ಗುಮಾಸ್ತರದೇ. ಅಂಗಡಿಯವನೊಬ್ಬನನ್ನು ಕರೆಸಿ ಮಹಡಿಯ ಕಟಕಟೆಗೆ ಡಿಶ್ ಬಿಗಿಸಿದ್ದರು. ಪೂರ್ವದ ಕಟ್ಟಡ ಎದುರಿಗೇ ಇತ್ತು. ಬಾಕ್ಸ್‌ನಲ್ಲಿ ಸಿಗ್ನಲ್ ಬಲದ ಪಟ್ಟಿ ತುಂಬಿ ಹಸಿರಾಗಿತ್ತು, ಗುಣಮಟ್ಟದ ಪಟ್ಟಿ ಸೊನ್ನೆ. ಇದರಲ್ಲಿ ಬಹಳ ಜನ ಮೋಸಹೋಗುತ್ತಾರೆ. ಬಲದ ಪಟ್ಟಿ ತುಂಬುವುದಕ್ಕೆ ಡಿಶ್ ಮುಂದೆ ನಿಂತು ಸಂಕೇತ ಹಿಡಿಯುವ ಎಲ್‌ಎನ್‌ಬಿ ಎಂಬ ಸಾಧನಕ್ಕೆ ವಿದ್ಯುತ್ ಹೋಗುತ್ತಿದ್ದರೆ ಸಾಕು. ಗೋಡೆಯ ಕಡೆ ತಿರುಗಿಸಿಟ್ಟರೂ ತುಂಬುತ್ತದೆ. ನೋಡಬೇಕಾದದ್ದು ಗುಣಮಟ್ಟವನ್ನು.

ಲೆಕ್ಕ ಸರಳವಾದದ್ದು. 66 ಡಿಗ್ರಿಯ ಏರಿನಲ್ಲಿ, ಮುಂದೆ ಒಂದು ಅಡಿ ಹೋದರೆ ಕಿರಣ ಎರಡೂಕಾಲು ಅಡಿ ಮೇಲೇರುತ್ತದೆ. ಪಕ್ಕದ ಕಟ್ಟಡ ವಠಾರದ ತಾರಸಿಗಿಂತ ಸುಮಾರು 25 ಅಡಿ ಎತ್ತರ. ಅದನ್ನು ದಾಟಬೇಕಾದರೆ ಡಿಶ್ ಕಿರಣದ ದಾರಿಯಲ್ಲಿ ಗೋಡೆಯಿಂದ ಕನಿಷ್ಠ 11 ಅಡಿ ಹಿಂದೆ ಇರಬೇಕು, ಕಟಕಟೆಯ ಮಟ್ಟದಲ್ಲಾದರೆ ಇನ್ನೂ ಹಿಂದೆ. ಎರಡು ನಿವೇಶನಗಳ ನಡುವೆ ಮೂರೋ ನಾಲ್ಕೋ ಅಡಿ ಬಿಡುವ ನಮ್ಮ ಊರಿನಲ್ಲಿ 11 ಅಡಿ ಎಂದರೆ ತಾರಸಿಯ ಆಚೆಯ ತುದಿ. ಡಿಶ್‌ನ ಆಕಾರವೂ ಕಣ್ಣಿಗೆ ಮಣ್ಣೆರಚುತ್ತದೆ. ಈ ಡಿಶ್‌ಗಳಲ್ಲಿ ಎಲ್‌ಎನ್‌ಬಿ ನಟ್ಟನಡುವೆ ಇರದೆ ಕೆಳಗೆ ಸರಿದಿರುತ್ತದೆ, ಹಾಗಾಗಿ ಡಿಶ್ ತಾನು ನೋಡುತ್ತಿರುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. ಮಾಲೀಕರ ಮಗ ಇದನ್ನೇ ಹಿಡಿದು, ಇದು ಪಕ್ಕದವರ ಗೋಡೆ ನೋಡುತ್ತಿದೆ, ಬರುವುದು ಸಾಧ್ಯವೇ ಇಲ್ಲ ಎಂದು ವಾದಿಸಿದ. ಗುಣಮಟ್ಟದ ಪಟ್ಟಿ ಏರಿದ ಮೇಲೆ ಸುಮ್ಮನಾದ.

ಗೋಡೆಯಿಂದ ಸಾಕಷ್ಟು ದೂರವಿದ್ದ ಏಕೈಕ ಜಾಗ ವಾಯವ್ಯ ಮೂಲೆ. ಅಲ್ಲಿ ಮಾಲೀಕರ ಸೋಲಾರ್ ಹೀಟರ್. ಅದರ ಪಕ್ಕ ಎರಡು ಅಡಿ ಜಾಗ ಕೊಡಿ ಎಂದು ಕೇಳಿದಾಗ ಮಾಲೀಕರು ಕೊಟ್ಟ ಉತ್ತರ ಎಲ್ಲ ಮಾಲೀಕರದು: ತಾರಸಿಗೆ ಮೊಳೆ ಹೊಡೆದರೆ ಸೋರುತ್ತದೆ. ಅದು ಸುಳ್ಳೂ ಅಲ್ಲ. ಮೂರು ಬೋಲ್ಟಿನ ತೂತಿನಿಂದ ಕೆಳಗಿನ ಕೋಣೆಯ ಸೂರು ಹಾಳಾದ ಮನೆಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ತೂತು ಹಾಕದೆ ನಿಲ್ಲಿಸಿದರೆ? ಗಾಳಿಗೆ ಹಾರಿ ಯಾರ ತಲೆಯ ಮೇಲಾದರೂ ಬಿದ್ದರೆ? ಮಾತು ಇಲ್ಲಿಗೆ ಬಂದು ವಾರಗಟ್ಟಲೆ ನಿಂತಿತು. ಬಿಡಿಸಿದ್ದು ಅಜ್ಜಿ. ಅಂಗಳದ ಮೂಲೆಯಲ್ಲಿ ಮಿಕ್ಸಿ ಬಂದ ಮೇಲೆ ಯಾರೂ ಮುಟ್ಟದ ಒರಳುಕಲ್ಲು ಬಿದ್ದಿತ್ತು. ಅದನ್ನು ಮೇಲೆ ಹೊರಿಸಿ, ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಯಾವ ಗಾಳಿಗೆ ಹಾರುತ್ತದೋ ನೋಡೋಣ ಎಂದರು. ಮಾಲೀಕರಿಗೆ ಅಜ್ಜಿಯ ಮಾತು ತೆಗೆದುಹಾಕಲು ಆಗಲಿಲ್ಲ; ಅವರು ಹುಟ್ಟುವ ಮುಂಚಿನಿಂದ ಅಜ್ಜಿ ಆ ಮನೆಯಲ್ಲಿದ್ದಾರೆ. ನಾಲ್ವರು ಸೇರಿ ಒರಳನ್ನು ಮೆಟ್ಟಿಲು ಹತ್ತಿಸಿದರು. ಡಿಶ್ ಈಗಲೂ ಅದರ ಭಾರದ ಮೇಲೆ ನಿಂತಿದೆ.

ನಾಲ್ಕು ಡಿಶ್‌ಗೆ ಜಾಗವಿರಲಿಲ್ಲ, ಒಂದೇ ಡಿಶ್‌ನಿಂದ ನಾಲ್ಕು ಮನೆಗೆ ಹಂಚಬೇಕು. ಅಂಗಡಿಯವನು ಒಂದು ವೈರನ್ನು ನಾಲ್ಕಾಗಿ ಒಡೆಯುವ ಅಗ್ಗದ ಸ್ಪ್ಲಿಟರ್ ಹಾಕಿ ಹೋಗಿದ್ದ. ಸರಿಯಾಗಿ ಒಂದು ಸಂಜೆ ಓಡಿತು. ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದು ಮನೆಯ ಬಾಕ್ಸ್‌ನಿಂದ, ಅದೇ ವೈರಿನ ಮೂಲಕ. ಆ ಸ್ಪ್ಲಿಟರ್‌ನಲ್ಲಿ ವಿದ್ಯುತ್ ಹಾಯುವ ದಾರಿ ಒಂದೇ, ಅದು ಹೂವಿನ ಅಕ್ಕನ ಮನೆಯ ಕಡೆಗೆ. ಬೆಳಗಿನ ಜಾವ ಮೂರಕ್ಕೆ ಮಾರುಕಟ್ಟೆಗೆ ಹೊರಡುವ ಅವರು ರಾತ್ರಿ ಎಂಟೂವರೆಗೆ ಬಾಕ್ಸ್ ಆರಿಸಿ ಮಲಗುತ್ತಿದ್ದರು. ಆ ಕ್ಷಣಕ್ಕೆ ಉಳಿದ ಮೂರು ಮನೆಯ ಚಿತ್ರವೂ ಹೋಗುತ್ತಿತ್ತು. ಗುಮಾಸ್ತರು ಕಾರ್ಯಕ್ರಮದ ನಡುವೆ ಬಾಗಿಲು ತಟ್ಟಿದ್ದು ಒಮ್ಮೆಯಲ್ಲ. ವಠಾರದಲ್ಲಿ ನೀರಿಗಾಗಿ ನಡೆದ ಜಗಳಗಳನ್ನು ಕೇಳಿದ್ದೆ, ನಿದ್ದೆಗೂ ಟಿವಿಗೂ ನಡೆದದ್ದನ್ನು ಅಲ್ಲಿಯೇ ಕಂಡದ್ದು. ನಾಲ್ಕು ತೂತಿನ ಎಲ್‌ಎನ್‌ಬಿ ತಂದು ಹಾಕಿದಾಗ ಪ್ರತಿ ಮನೆಗೂ ಅದರದೇ ವೈರ್ ಆಯಿತು, ಯಾವ ಬಾಕ್ಸ್ ಉರಿದರೂ ಎಲ್‌ಎನ್‌ಬಿಗೆ ವಿದ್ಯುತ್ ಸಿಕ್ಕಿತು, ತಂಟೆ ಮುಗಿಯಿತು. ಡಿಶ್ ಹಂಚಿಕೊಂಡದ್ದರಿಂದ ಮನೆಯೊಂದರ ಖರ್ಚೂ ಇಳಿಯಿತು.

ಎರಡು ರಿಮೋಟ್

ಅಜ್ಜಿಯ ಹದಿನಾಲ್ಕು ಇಂಚಿನ ಸೆಟ್ಟಿಗೆ ಹಳದಿ, ಬಿಳಿ, ಕೆಂಪು ಪಿನ್ ಸಿಕ್ಕಿಸುವ ತೂತುಗಳೇ ಇರಲಿಲ್ಲ, ಆಂಟೆನಾದ ತೂತು ಒಂದೇ. ಬಾಕ್ಸ್‌ನ ಚಿತ್ರವನ್ನು ಮತ್ತೆ ಆಂಟೆನಾ ಸಂಕೇತವಾಗಿ ಬದಲಿಸಿ ಕೊಡುವ ಸಣ್ಣ ಆರ್‌ಎಫ್ ಮಾಡ್ಯುಲೇಟರ್ ಹಳೆಯ ವಿಡಿಯೊ ಗೇಮ್ ಅಂಗಡಿಯಲ್ಲಿ ಸಿಕ್ಕಿತು. ಡಿಜಿಟಲ್ ಆಗಿ ಬಂದದ್ದು ಕೊನೆಯ ಎರಡು ಅಡಿ ವೈರಿನಲ್ಲಿ ಅನಲಾಗ್ ಆಗಿ ಆ ಟಿವಿಯನ್ನು ಸೇರುತ್ತದೆ. ಅಜ್ಜಿಗೆ ಇದರಿಂದ ಒಂದು ಅನುಕೂಲ ಆಯಿತು: ಟಿವಿಯ ಚಾನೆಲ್ ಬದಲಾಯಿಸಬೇಕಿಲ್ಲ. ಬಾಕ್ಸ್ ರಿಮೋಟಿನ ಗುಂಡಿಗಳ ಮೇಲೆ ಪಟ್ಟಿ ಅಂಟಿಸಿ, ಆನ್ ಮಾಡುವುದು, ಶಬ್ದ, ಚಂದನಕ್ಕೆ ಹೊಂದಿಸಿದ ಮೆಚ್ಚಿನ ಚಾನೆಲ್ ಗುಂಡಿ ಇಷ್ಟನ್ನು ಮಾತ್ರ ತೆರೆದಿಟ್ಟೆವು.

ದರ್ಜಿಯ ಸೆಟ್ಟಿಗೆ ಆ ಮೂರು ಬಣ್ಣದ ಎವಿ ಪಿನ್ ಸಿಕ್ಕಿಸುವ ತೂತುಗಳು ಇದ್ದವು, ಅವನಿಗೆ ತೊಂದರೆ ಹೆಚ್ಚಾದದ್ದು ಅದರಿಂದಲೇ. ಕರೆಂಟ್ ಹೋಗಿ ಬಂದಾಗಲೆಲ್ಲ ಟಿವಿ ಎವಿಯನ್ನು ಬಿಟ್ಟು ಹಳೆಯ ಒಂದನೆಯ ಚಾನೆಲ್‌ಗೆ ಹೋಗಿ ನೀಲಿ ಪರದೆ ತೋರಿಸುತ್ತಿತ್ತು. ಟಿವಿಯ ರಿಮೋಟ್ ಕಳೆದು ಎಷ್ಟೋ ವರ್ಷವಾಗಿದೆ. ಬಾಕ್ಸ್ ಕೆಟ್ಟಿದೆ ಎಂದು ಅವನು ಮೂರು ಸಲ ಕರೆಸಿದ. ಮುಂದಿನ ಫಲಕದಲ್ಲಿ ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂದು ಸೀಮೆಸುಣ್ಣದಲ್ಲಿ ಟಿವಿಯ ಮೈಮೇಲೇ ಬರೆದುಕೊಟ್ಟೆ, ಬಟ್ಟೆಗೆ ಗುರುತು ಹಾಕುವ ಅವನದೇ ಸೀಮೆಸುಣ್ಣ.

ಬೆಂಗಳೂರಿನ ಸಂಜೆಯ ಜೋರು ಮಳೆ ಬಂದಾಗ ಹತ್ತು ಹದಿನೈದು ನಿಮಿಷ ಚಿತ್ರ ಹೋಗುತ್ತದೆ. ಉಪಗ್ರಹದ ಕೆಯು ಬ್ಯಾಂಡಿನ ಅಲೆಯನ್ನು ದಪ್ಪ ಹನಿಗಳು ಹೀರಿಕೊಳ್ಳುತ್ತವೆ. ಗೋಪುರದ ಅಲೆಗೆ ಈ ಕಾಟ ಇರಲಿಲ್ಲ. ಊರಿನಲ್ಲಿ ಎಲ್ಲಿ ನೀರು ನುಗ್ಗಿದೆ ಎಂದು ತಿಳಿಯಬೇಕಾದ ಹೊತ್ತಿಗೇ ವಾರ್ತೆ ಸಿಗುವುದಿಲ್ಲ ಎಂಬ ಗುಮಾಸ್ತರ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ರೇಡಿಯೊ ಇಟ್ಟುಕೊಳ್ಳಿ ಎಂದೆ.

ಬೇರೆ ದೇಶಗಳು ಇದನ್ನು ಬೇರೆ ರೀತಿ ಮಾಡಿದವು. ಅಮೆರಿಕದಲ್ಲಿ ಪೂರ್ಣ ಶಕ್ತಿಯ ಅನಲಾಗ್ ಕೇಂದ್ರಗಳು 2009ರ ಜೂನ್ 12ರಂದು ನಿಂತವು. ಫೆಬ್ರವರಿಯ ಗಡುವನ್ನು ಜನ ಸಿದ್ಧರಿಲ್ಲವೆಂದೇ ಮುಂದೂಡಿದ್ದರು, ಮನೆಗೆ ಎರಡರಂತೆ 40 ಡಾಲರ್‌ನ ಕೂಪನ್ ಕೊಟ್ಟಿದ್ದರು. ಬ್ರಿಟನ್ ಪ್ರದೇಶ ಪ್ರದೇಶವಾಗಿ ನಿಲ್ಲಿಸುತ್ತ 2012ರ ಅಕ್ಟೋಬರ್ 24ಕ್ಕೆ ಮುಗಿಸಿತು. 75 ದಾಟಿದವರಿಗೆ, ಅಂಗವಿಕಲರಿಗೆ ಮನೆಗೇ ಬಂದು ಬಾಕ್ಸ್ ಹಚ್ಚಿಕೊಡುವ ಯೋಜನೆ ಇತ್ತು. ಅಲ್ಲಿ ಗಾಳಿಯ ಅನಲಾಗ್ ಹೋಗಿ ಗಾಳಿಯ ಡಿಜಿಟಲ್ ಬಂತು, ಅದೇ ಆಂಟೆನಾಗೆ ಬಾಕ್ಸ್ ಹಚ್ಚಿದರೆ ಬಹಳ ಮನೆಗಳಿಗೆ ಸಾಕಾಯಿತು. ನಮ್ಮಲ್ಲಿ ಗಾಳಿಯಿಂದ ಆಕಾಶಕ್ಕೆ ಹೋದೆವು. ನೋಡುವವರು ಕಡಿಮೆ ಎಂಬುದು ನಿಜ, ಆದ್ದರಿಂದಲೇ ಅವರನ್ನು ಹುಡುಕಿ ಒಂದು ಬಾಕ್ಸ್ ಕೊಡುವುದು ಅಗ್ಗವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಮೊಬೈಲ್‌ಗೆ ಗೋಪುರದಿಂದಲೇ ನೇರ ಪ್ರಸಾರ ಮಾಡುವ ಡಿ2ಎಂ ಪ್ರಯೋಗ 2023ರಲ್ಲಿ ಬೆಂಗಳೂರಿನಲ್ಲೂ ನಡೆದಿದೆ, ಅದರ ಚಿಪ್ ಕೆಲಸದಲ್ಲಿ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೂಡ ಇತ್ತು. 2016ರ ಡಾಂಗಲ್ ಇನ್ನೂ ನನ್ನ ಡ್ರಾಯರ್‌ನಲ್ಲಿರುವುದರಿಂದ, ಫೋನಿನೊಳಗೇ ಆ ಚಿಪ್ ಬರುವವರೆಗೆ ನಾನು ವಠಾರದವರಿಗೆ ಈ ಸುದ್ದಿ ಹೇಳುವುದಿಲ್ಲ.

ಕಳೆದ ಸಲ ಬಾಡಿಗೆ ಕರಾರು ನವೀಕರಿಸುವಾಗ ಮಾಲೀಕರ ಮಗ ಅದರಲ್ಲಿ ಒಂದು ಅಂಶ ಸೇರಿಸಿದ: ವಾಯವ್ಯ ಮೂಲೆಯ ಡಿಶ್ ನಾಲ್ಕು ಮನೆಯವರಿಗೆ ಸೇರಿದ್ದು, ದುರಸ್ತಿಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತಾರಸಿ ತೆರೆದಿರುತ್ತದೆ. ಹೂವಿನ ಅಕ್ಕ ಸಹಿ ಹಾಕಲಿಲ್ಲ. ಭಾನುವಾರ ತಮಗೆ ವ್ಯಾಪಾರದ ದಿನ, ಸೋಮವಾರ ಎಂದು ತಿದ್ದಿಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿದರು.